ಕದ್ದಾಲಿಸಿದ ಕರೆಗಳಿಂದ ಗ್ಯಾಂಗಿನ ನಕ್ಷೆ: ನನ್ನ ಅನುಭವ

ಗ್ಯಾಂಗ್ ಅಂದ ಕೂಡಲೇ ಮೇಲೊಬ್ಬ ಡಾನ್, ಕೆಳಗೆ ಅವನ ಬಂಟರು ಕಣ್ಮುಂದೆ ಬರುತ್ತಾರೆ, ಅಲ್ವಾ? ಸಂಘಟಿತ ಅಪರಾಧವನ್ನು ನೆಟ್‌ವರ್ಕ್ ಆಗಿ ಓದಲು ಕಲಿತ ಮೇಲೆ ನಾನು ಆ ಚಿತ್ರವನ್ನು ನಂಬುವುದು ಬಿಟ್ಟೆ.

ನಾನು ಕೈ ಹಾಕಿದ್ದು ಕೆನಡಾದ ಮಾಂಟ್ರಿಯಲ್‌ನ ಕೇವಿಯರ್ ಪ್ರಕರಣಕ್ಕೆ. 1994ರಿಂದ 1996ರವರೆಗೆ ಪೊಲೀಸರು ಒಂದು ಡ್ರಗ್ಸ್ ಜಾಲದ ಫೋನ್ ಕರೆಗಳನ್ನು ಕದ್ದಾಲಿಸಿದರು. ಮಾಲು ಹಿಡಿದರು, ಆದರೆ ಜನರನ್ನು ಹಿಡಿಯಲಿಲ್ಲ. 11 ಸಲ ಮಾಲು ವಶವಾಯಿತು, ಬಂಧನ ಆದದ್ದು ಕೊನೆಗೇ. ಅಷ್ಟೂ ದಿನ ಜಾಲ ಪೆಟ್ಟು ತಿನ್ನುತ್ತಾ ಹೇಗೆ ಬದಲಾಯಿತು ಅನ್ನುವುದು ಕರೆಗಳಲ್ಲೇ ದಾಖಲಾಗಿದೆ. ಅಪರಾಧಶಾಸ್ತ್ರಜ್ಞ ಕಾರ್ಲೊ ಮೊರ್ಸೆಲ್ಲಿ ಅದರಿಂದ 110 ಜನರ ನೆಟ್‌ವರ್ಕ್ ಕಟ್ಟಿದರು. ಹೆಸರಿಲ್ಲ, ಬರೀ ನಂಬರ್. ಈ ಡೇಟಾ ಎಲ್ಲರಿಗೂ ಸಿಗುತ್ತದೆ.

ಕೆಲಸ ಸರಳವಾಗಿಯೇ ಶುರುವಾಗುತ್ತದೆ. ಕರೆ ಮಾಡಿದವರು ಒಂದು ಕಾಲಂ, ಎತ್ತಿಕೊಂಡವರು ಇನ್ನೊಂದು, ಎಷ್ಟು ಸಲ ಅನ್ನುವುದು ಮೂರನೆಯದು. ಅದನ್ನು ಗೆಫಿ ಎಂಬ, ನೆಟ್‌ವರ್ಕ್ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ಗೆ ಹಾಕಿದೆ. ಎಲ್ಲವನ್ನೂ ಒಟ್ಟಿಗೆ ಸುರಿಯದೆ ಹಂತ ಹಂತವಾಗಿ ಬೇರೆ ಬೇರೆ ಚಿತ್ರ ಬಿಡಿಸಿದೆ. ಒಟ್ಟು ಚಿತ್ರ ಸುಮ್ನೆ ನೂಲಿನ ಗೋಜಲು, ಅದರಲ್ಲಿ ಏನೂ ಕಾಣುವುದಿಲ್ಲ.

ಆಮೇಲೆ ಎರಡು ಲೆಕ್ಕ. ಒಬ್ಬನಿಗೆ ಎಷ್ಟು ಜನರ ಸಂಪರ್ಕ ಇದೆ ಅನ್ನುವುದು ಮೊದಲನೆಯದು. ಎರಡನೆಯದು ಸಮಾಜಶಾಸ್ತ್ರಜ್ಞ ಲಿಂಟನ್ ಫ್ರೀಮನ್ 1977ರಲ್ಲಿ ಕೊಟ್ಟ ಅಳತೆ: ಉಳಿದವರ ನಡುವಿನ ಹತ್ತಿರದ ದಾರಿಗಳಲ್ಲಿ ಎಷ್ಟು ಇವನ ಮೂಲಕ ಹಾದುಹೋಗುತ್ತವೆ? ನನಗೆ ಇದೇ ಜಾಸ್ತಿ ಮುಖ್ಯ. ಕರೆ ಕಡಿಮೆ ಇದ್ದರೂ ಎರಡು ಗುಂಪುಗಳ ನಡುವೆ ನಿಂತವನು ಹೋದರೆ ವ್ಯವಹಾರವೇ ನಿಲ್ಲಬಹುದು. ಶುರುವಿನಲ್ಲಿ ಹಶೀಶ್ ಸಾಗಣೆ ನಡೆದಾಗ ಎಲ್ಲ ದಾರಿಯೂ 1ನೇ ನಂಬರಿನವನತ್ತ. ಮಾಲು ಪೊಲೀಸರ ವಶವಾಗುತ್ತಾ ಬಂದಂತೆ, ಕೊಕೇನ್ ಸೇರಿಕೊಂಡಂತೆ, ಅವನ ಹಿಡಿತ ಸಡಿಲವಾಗಿ 12ನೇ ನಂಬರಿನವನು ಮುಂದೆ ಬಂದ. 3ನೇ ನಂಬರಿನವನು ಇವರಿಬ್ಬರ ನಡುವಿನ ಕೊಂಡಿ. ಪೊಲೀಸರ ಒತ್ತಡ ಜಾಲವನ್ನು ಮುರಿಯುವ ಮೊದಲು ಅದರ ಆಕಾರವನ್ನೇ ಬದಲಿಸಿತು.

ಆದರೆ ಈ ನಕ್ಷೆ ಪೊಲೀಸರ ಕಿವಿಯದ್ದೂ ಹೌದು. ಯಾರ ಫೋನ್ ಕದ್ದಾಲಿಸಿದರೋ ಅವರು ದೊಡ್ಡವರಾಗಿ ಕಾಣುತ್ತಾರೆ, ಕದ್ದಾಲಿಸದ ಇಬ್ಬರ ಮಾತು ಡೇಟಾದಲ್ಲೇ ಇರುವುದಿಲ್ಲ. ಮಾಹಿತಿ ಅರೆಬರೆ, ಗಡಿ ಮಸುಕು, ಜಾಲ ಸದಾ ಬದಲಾಗುತ್ತದೆ ಎಂದು ಅಪರಾಧ ಜಾಲಗಳ ಬಗ್ಗೆ ಬರೆದ ಸಂಶೋಧಕ ಮಾಲ್ಕಮ್ ಸ್ಪ್ಯಾರೋ 1991ರಲ್ಲೇ ಎಚ್ಚರಿಸಿದ್ದರು. ಅದಕ್ಕೇ ನಾನು ನಡುಮಧ್ಯದವರನ್ನು ತೆಗೆದು ಲೆಕ್ಕವನ್ನು ಮತ್ತೆ ಮಾಡುತ್ತೇನೆ. ಆಗಲೂ ಮೇಲೆಯೇ ಉಳಿದವರ ಬಗ್ಗೆ ಮಾತ್ರ ಏನಾದರೂ ಹೇಳುತ್ತೇನೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಈ 110 ಜನರಲ್ಲಿ ಎಲ್ಲರೂ ಸಾಗಣೆದಾರರಲ್ಲ. ಹಣ ಹಾಕಿದವರಿದ್ದಾರೆ, ಲೆಕ್ಕಪತ್ರ ನೋಡುವವರಿದ್ದಾರೆ, ಆಮದು ವ್ಯಾಪಾರಿಗಳೂ ಇದ್ದಾರೆ. ಒಂದು ಕರೆ ಒಂದು ಗೆರೆ, ಅಷ್ಟೇ. ಆ ಗೆರೆಯನ್ನು ಅಪರಾಧ ಎಂದು ಓದಲು ಬೇರೆ ಸಾಕ್ಷಿ ಬೇಕು. ಹಾಗಾಗಿ ನನ್ನ ಕೋಷ್ಟಕದಲ್ಲಿ ನಾಲ್ಕನೆಯ ಕಾಲಂ ಒಂದಿದೆ: ಈ ಸಂಪರ್ಕ ಯಾವುದರ ಬಗ್ಗೆ, ಅದು ನಮಗೆ ಹೇಗೆ ಗೊತ್ತು. ಅದು ಖಾಲಿ ಇದ್ದರೆ ಆ ಗೆರೆಗೆ ತೆಳು ಬೂದು ಬಣ್ಣ ಕೊಡುತ್ತೇನೆ.