ಇಸ್ತಾಂಬುಲ್ ಬಿಟ್ಟು ಬೆಳಗಾವಿಯಲ್ಲೇ ಕೂದಲು ಕಸಿ: ನನ್ನ ಅನುಭವ

ಹೋದ ವಾರ ತಲೆ ಮೇಲೆ ಕಾರ್ಡ್ ಇಟ್ಟು ಮತ್ತೊಮ್ಮೆ ಎಣಿಸಿದೆವು. ಕಾರ್ಡ್ ಅಂದರೆ ಹಳೇ ವಿಸಿಟಿಂಗ್ ಕಾರ್ಡ್. ನಡುವೆ ಬ್ಲೇಡಿನಿಂದ ಒಂದು ಚದರ ಸೆಂಟಿಮೀಟರಿನ ಕಿಂಡಿ ಕೊರೆದಿದ್ದೇನೆ. ಅಣ್ಣನ ಮಗ ಆ ಕಿಂಡಿಯ ಫೋಟೋ ತೆಗೆದು, ದೊಡ್ಡದು ಮಾಡಿ, ಬೆರಳಿಟ್ಟು ಎಣಿಸುತ್ತಾನೆ. ಮುಂದಲೆಯ ಮೂರು ಕಡೆ ಎಣಿಸಿದ್ದಕ್ಕೆ ಸರಾಸರಿ 36 ಗ್ರಾಫ್ಟ್ (ಬುಡಸಮೇತ ನೆಟ್ಟ ಕೂದಲಿನ ಚಿಕ್ಕ ಗುಂಪು) ಬಂತು. ಹಾಕಿದ್ದು 42ರ ಆಸುಪಾಸು. ಅಂದರೆ ನೂರಕ್ಕೆ 85 ಹಿಡಿದಿವೆ. ಹದಿನಾಲ್ಕು ತಿಂಗಳು ನನ್ನನ್ನು ನೋಡಿ ನಕ್ಕವರು ಈಗ ಡಾಕ್ಟರ ನಂಬರ್ ಕೇಳುತ್ತಿದ್ದಾರೆ. ಅದಕ್ಕೇ ಬರೆಯಲು ಕೂತೆ.

ನಾನು ವಿಜಯಪುರದ ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರ. ವಯಸ್ಸು 38. ಅಪ್ಪನ ತಲೆಯಲ್ಲಿ ಕಿವಿ ಮೇಲಿನ ಪಟ್ಟಿ ಬಿಟ್ಟರೆ ಏನೂ ಉಳಿದಿಲ್ಲ, ನನ್ನದೂ ಅದೇ ದಾರಿ. ಈ ಕಸಿಯ ಎಫ್‌ಯುಇ ವಿಧಾನ ಇಷ್ಟೇ: ಹಿಂದಲೆಯಿಂದ ಕೂದಲನ್ನು ಬುಡಸಮೇತ ಒಂದೊಂದಾಗಿ ಕಿತ್ತು ಬೋಳಾದ ಕಡೆ ನೆಡೋದು.

ಮೊದಲು ಮಣ್ಣುಪಾಲಾದ ದುಡ್ಡಿನ ಲೆಕ್ಕ. ಪಿಆರ್‌ಪಿ, ಅಂದರೆ ನಮ್ಮದೇ ರಕ್ತದ ಪ್ಲಾಸ್ಮಾ ತಲೆಗೆ ಚುಚ್ಚೋದು, ಆರು ಸಲ, ಸಲಕ್ಕೆ ಐದು ಸಾವಿರದ ಹಾಗೆ. ಫಲ ಸೊನ್ನೆ ಅನ್ನಲ್ಲ, ಆದರೆ ಮೂವತ್ತು ಸಾವಿರದ ಫಲ ಅಲ್ಲ. ಆಮೇಲೆ ಒಂದು ಪ್ರಯೋಗ ಮಾಡಿದೆ. ಎಡಗಡೆ ಕೂದಲು ಬೆಳೆಸುವ ಔಷಧಿ ಮಿನಾಕ್ಸಿಡಿಲ್, ಬಲಗಡೆ ಉಳ್ಳಾಗಡ್ಡಿ ರಸ, ಮೂರು ತಿಂಗಳು. ಮೊದಲ ತಿಂಗಳು ಎಡಗಡೆಯೇ ಜಾಸ್ತಿ ಉದುರಿತು. ಉಳ್ಳಾಗಡ್ಡಿ ಗೆದ್ದಿತು ಅಂತ ಕುಣಿದಾಡಿದೆ. ಮೂರನೇ ತಿಂಗಳಿಗೆ ಎಡಗಡೆ ಸುಧಾರಿಸಿತು, ಬಲಗಡೆ ಬರೀ ವಾಸನೆ ಉಳಿಯಿತು. ಹೆಂಡತಿ ಆ ಮೂರು ತಿಂಗಳು ನನ್ನ ದಿಂಬನ್ನು ಪಡಸಾಲೆಗೆ ಹಾಕಿದ್ದಳು.

2023ರ ಡಿಸೆಂಬರ್‌ನಲ್ಲಿ ಸೋದರಮಾವನ ಮಗ ಇಸ್ತಾಂಬುಲ್‌ಗೆ ಹೋಗಿಬಂದ. ಪ್ಯಾಕೇಜು: ಮೂರು ರಾತ್ರಿ ಹೋಟೆಲ್, ಏರ್‌ಪೋರ್ಟಿಗೆ ಕಾರು, ‘ಮ್ಯಾಕ್ಸಿಮಮ್ ಗ್ರಾಫ್ಟ್’. 4,200 ಹಾಕಿದರಂತೆ, ಒಂದೇ ದಿನದಲ್ಲಿ. "ಯಣ್ಣಾ, ನೀ ಸುಮ್ನ ಹೆದರಾಕತ್ತಿ. ನಾ ಮೂರು ದಿನದಾಗ ಹೋಗಿ ಬಂದೇನಿ" ಅಂದ. ನಾನೂ ಅವನ ಏಜೆಂಟನಿಗೇ 500 ಯೂರೋ ಮುಂಗಡ ಕಳಿಸಿದೆ. ಆಗಿನ ದರದಲ್ಲಿ ಸುಮಾರು 45 ಸಾವಿರ ರೂಪಾಯಿ.

ಅವ್ವನ ಪ್ರಶ್ನೆ ಒಂದೇ: "ತಮ್ಮಾ, ತಲಿ ಮ್ಯಾಲ ಕೂದ್ಲಿಲ್ಲಂದ್ರ ದ್ರಾಕ್ಷಿ ಹಣ್ಣಾಗಂಗಿಲ್ಲೇನು?"

ಜನವರಿಯಲ್ಲಿ ಸೋದರಮಾವನ ಮಗನ ತಲೆ ತುಂಬ ಕೀವುಗುಳ್ಳೆ ಎದ್ದವು. ಕ್ಲಿನಿಕ್ಕಿಗೆ ವಾಟ್ಸಾಪ್ ಮಾಡಿದರೆ "ನಾರ್ಮಲ್ ಬ್ರದರ್, ಡೋಂಟ್ ವರಿ" ಅಂತ ಉತ್ತರ. ವಿಜಯಪುರದಲ್ಲಿ ಚರ್ಮದ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಅವರು ಕೇಳಿದ್ದು ಸಾದಾ ಮಾತು: ಯಾವ ಆ್ಯಂಟಿಬಯಾಟಿಕ್ ಕೊಟ್ಟಿದ್ದಾರೆ, ಎಷ್ಟು ದಿನ, ಮಾಡಿದವರು ಯಾರು? ಹುಡುಗ ಫೈಲ್ ತೆಗೆದ. ಪೂರ್ತಿ ಟರ್ಕಿ ಭಾಷೆ. ಮಾಡಿದವರು ಯಾರು ಅನ್ನೋದು ಅವನಿಗೂ ಗೊತ್ತಿಲ್ಲ. ಡಾಕ್ಟರು ಬಂದು ಹಣೆ ಮೇಲೆ ಪೆನ್ನಿನಿಂದ ಗೆರೆ ಎಳೆದು ಹೋದರು, ಉಳಿದದ್ದನ್ನು ನಾಲ್ಕು ಜನ ಹುಡುಗರು ಮಾಡಿದರು ಅಂದ. ಕೂದಲು ಕಸಿ ಮಾಡುವ ಡಾಕ್ಟರುಗಳ ಅಂತಾರಾಷ್ಟ್ರೀಯ ಸಂಘ ಐಎಸ್‌ಎಚ್‌ಆರ್‌ಎಸ್ ವರ್ಷಗಳಿಂದ ಎಚ್ಚರಿಸುತ್ತಿರುವುದು ಇದನ್ನೇ.

ಅವತ್ತು ರಾತ್ರಿ ನನಗೆ ನೆನಪಾಗಿದ್ದು ನಮ್ಮ ತೋಟದ ಕಸಿ. ಸುಮಾರು ಹತ್ತು ವರ್ಷದ ಹಿಂದಿನ ಮಾತು. ಎರಡು ಎಕರೆ, 1,900ರಷ್ಟು ಡಾಗ್ರಿಜ್ ತಳಿಯ ಬೇರಿನ ಗಿಡ, ಅದರ ಮೇಲೆ ಕಸಿ ಕಟ್ಟಲು ಥಾಮ್ಸನ್ ದ್ರಾಕ್ಷಿಯ ಕಡ್ಡಿ. ಗಡಿಯಾಚೆಯಿಂದ ಬಂದ ಕಸಿ ಕಟ್ಟುವ ಗ್ಯಾಂಗ್ ಬಹಳ ಚುರುಕು. ದಿನಕ್ಕೆ ಎಷ್ಟು ಕಟ್ಟಿದರೆ ಅಷ್ಟು ಕೂಲಿ. ಕಡ್ಡಿಗಳನ್ನು ಒದ್ದೆ ಗೋಣಿಚೀಲದಿಂದ ತೆಗೆದು ಬಿಸಿಲಲ್ಲಿ ಹರವಿಕೊಂಡು ಕೂತಿದ್ದರು. ಕೂಲಿ ಎಣಿಸಿಕೊಂಡು ಹೋದರು. ಕಸಿ ಹಿಡಿಯಿತೋ ಇಲ್ಲವೋ ಕಾಣೋದು ಕಡ್ಡಿಯ ಕಣ್ಣು ಒಡೆದು ಚಿಗುರಿದ ಮೇಲೆ ತಾನೆ? ಒಡೆಯುವ ಹೊತ್ತಿಗೆ ಅವರ ಫೋನ್ ಸ್ವಿಚ್ ಆಫ್. ಮುನ್ನೂರು ಗಿಡ ಒಣಗಿದವು. ಮುಂದಿನ ವರ್ಷದಿಂದ, ಚಿಗುರು ಬರುವ ತನಕ ಕೈಗೆ ಸಿಗುವ ಗ್ಯಾಂಗಿಗಷ್ಟೇ ಕೆಲಸ ಕೊಟ್ಟೆ. ಕೂಲಿ ಸ್ವಲ್ಪ ಜಾಸ್ತಿ ಆದರೂ ಸೈ.

ತಲೆಯ ಕಸಿಯೂ ಹಾಗೇ. ಹಿಂದಲೆಯಿಂದ ಕಿತ್ತ ಗ್ರಾಫ್ಟ್ ಹೊರಗೆ ಎಷ್ಟು ಹೊತ್ತು ಕೂರುತ್ತದೋ ಅಷ್ಟು ಸೊರಗುತ್ತದೆ. ಒಂದೇ ದಿನ 4,200 ಅಂದಾಗಲೇ ನನಗೆ ಆ ಹರವಿದ ಕಡ್ಡಿ ಕಂಡಿತು. ಅಷ್ಟೇ ಅಲ್ಲ, ಕಿತ್ತ ಜಾಗದಲ್ಲಿ ಮತ್ತೆ ಬೆಳೆಯಲ್ಲ. ಹಿಂದಲೆ ನಮ್ಮ ಬ್ಯಾಂಕಿನ ಠೇವಣಿ ಇದ್ದಂತೆ. ಅಪ್ಪನ ತಲೆ ನೋಡಿದರೆ ನನಗೆ ಇನ್ನೂ ಇಪ್ಪತ್ತು ವರ್ಷ ಆ ಠೇವಣಿ ಬೇಕು.

ಇನ್ನು ದುಡ್ಡು. ಇಸ್ತಾಂಬುಲ್ ಪ್ಯಾಕೇಜ್ ಎರಡೂಕಾಲು ಲಕ್ಷ. ಟಿಕೆಟ್, ವೀಸಾ, ಮುಂಬೈಗೆ ಹೋಗಿಬರೋದು ಸೇರಿ ಮುಕ್ಕಾಲು ಲಕ್ಷ. ಇಲ್ಲಿಗೆ ಮೂರು ಲಕ್ಷ. ಆದರೆ ಮೂರನೇ ದಿನ ಮುಖ ಊದಿಕೊಂಡು ಕಣ್ಣು ಮುಚ್ಚಿರುವಾಗ ಏಳು ತಾಸು ವಿಮಾನದಲ್ಲಿ ಕೂರುವುದು ನನಗೆ ಸರಿ ಕಾಣಲಿಲ್ಲ. ಮುಖದ ಕಾಸ್ಮೆಟಿಕ್ ಆಪರೇಷನ್ ಆದವರು ಏಳರಿಂದ ಹತ್ತು ದಿನ ವಿಮಾನ ಹತ್ತಬೇಡಿ ಅನ್ನುತ್ತದೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ. ನಮ್ಮದು ತಲೆ, ಆದರೂ ನಾನು ಅದನ್ನೇ ಹಿಡಿದೆ. ಅಂದರೆ ಇನ್ನೊಂದು ವಾರದ ಹೋಟೆಲ್, ಊಟ, ಜೊತೆಗೊಬ್ಬರು. ಮೇಲೆ ಕೆಟ್ಟರೆ ರಿಪೇರಿಗೆ ಒಂದು ಲಕ್ಷ ತೆಗೆದಿಡಬೇಕು. ನಮ್ಮ ಆರೋಗ್ಯ ವಿಮೆಯಲ್ಲಿ ಕಾಸ್ಮೆಟಿಕ್ ಸರ್ಜರಿ ಹೊರಗೇ. ಲೆಕ್ಕ ಐದು ಲಕ್ಷದ ಹತ್ತಿರ ಹೋಯಿತು. ಟರ್ಕಿ ಅಗ್ಗ ಅನ್ನೋದು ಲಂಡನ್‌ನವರಿಗೆ, ತಿಕೋಟಾದವರಿಗಲ್ಲ. ಅಲ್ಲೂ ಒಳ್ಳೆಯ ಸರ್ಜನ್‌ಗಳಿದ್ದಾರೆ, ದಿನಕ್ಕೆ ಒಬ್ಬರನ್ನೇ ತೆಗೆದುಕೊಂಡು ತಾವೇ ಕೂತು ಮಾಡುವವರು. ಆದರೆ ಅವರು ಈ ಪ್ಯಾಕೇಜಿನ ರೇಟಿಗೆ ಸಿಗಲ್ಲ.

ಇಸ್ತಾಂಬುಲ್ ಕೈಬಿಟ್ಟೆ. ಮುಂಗಡದಲ್ಲಿ ಒಂದು ಪೈಸೆ ವಾಪಸ್ ಬರಲಿಲ್ಲ. ವಿಜಯಪುರದಲ್ಲಿ ಕೂತು ಇಸ್ತಾಂಬುಲ್ ಮೇಲೆ ಕೇಸ್ ಹಾಕೋದು ಹೇಗೆ? ಇಲ್ಲಿಯ ಕ್ಲಿನಿಕ್ ಆದರೆ 2019ರ ಗ್ರಾಹಕ ಕಾಯ್ದೆಯ ಪ್ರಕಾರ ನಾನಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು.

ಹಾಗಂತ ಇಲ್ಲಿಯವರೆಲ್ಲ ದೇವರಲ್ಲ. 2019ರಲ್ಲಿ ಮುಂಬೈಯಲ್ಲಿ ಕಸಿ ಮಾಡಿಸಿಕೊಂಡ ಉದ್ಯಮಿಯೊಬ್ಬರು ಎರಡೇ ದಿನದಲ್ಲಿ ತೀರಿಕೊಂಡರು, ಅಲರ್ಜಿಯ ಶಂಕೆ ಇತ್ತು. ನನ್ನದು ಮುಗಿದ ಮೇಲೆ, 2025ರಲ್ಲಿ, ಕಾನ್ಪುರದ ಇಬ್ಬರು ಎಂಜಿನಿಯರ್‌ಗಳು ಕೂದಲು ಕಸಿ ಮಾಡಿಸಿಕೊಂಡ ಮೇಲೆ ತೀರಿಕೊಂಡ ಸುದ್ದಿ ಬಂತು. ಓದಿ ಎದೆ ಝಲ್ಲೆಂದಿತು. ನಾನಂತೂ ನಾಲ್ಕು ಊರಿನಲ್ಲಿ ಏಳು ಕಡೆ ಕೂತು ಕೇಳಿದ್ದೆ. ಡಾಕ್ಟರ ಹೆಸರನ್ನು ಮೆಡಿಕಲ್ ಕೌನ್ಸಿಲ್ ರಿಜಿಸ್ಟರಿನಲ್ಲಿ ನೋಡಿದೆ. ಯೂಟ್ಯೂಬ್, ವರ್ಕ್‌ಶಾಪ್ ನೋಡಿ ಕಲಿತದ್ದು ಕೂದಲು ಕಸಿಗೆ ಸಾಲದು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಅದನ್ನು ಎದುರಿಗೇ ಓದಿ ತೋರಿಸಿದೆ. ಇಬ್ಬರು ಸಿಟ್ಟಾದರು, ಅವರ ಹೆಸರು ಹೊಡೆದುಹಾಕಿದೆ. ಮರಗಟ್ಟಿಸುವ ಇಂಜೆಕ್ಷನ್ ಕೊಡುವವರು ಯಾರು, ಆಕ್ಸಿಜನ್ ಸಿಲಿಂಡರ್ ಎಲ್ಲಿದೆ, ತೋರಿಸಿ ಅಂದೆ. ಕೊನೆಗೆ ಇನ್ನೊಂದು ಪ್ರಶ್ನೆ ಕೇಳುತ್ತಿದ್ದೆ. ಅದಕ್ಕೆ ಬರುವ ಉತ್ತರದಲ್ಲೇ, ಕೈಯಾರೆ ಮಾಡುವವರು ಯಾರು, ಗೆರೆ ಎಳೆದು ಹೋಗುವವರು ಯಾರು ಗೊತ್ತಾಗಿಬಿಡುತ್ತದೆ. ಆ ಪ್ರಶ್ನೆ ಇಲ್ಲಿ ಬರೆಯಲ್ಲ. ಬರೆದರೆ ನಾಳೆ ಏಜೆಂಟರೆಲ್ಲ ಉತ್ತರ ಬಾಯಿಪಾಠ ಮಾಡುತ್ತಾರೆ.

ಕೊನೆಗೆ ಉಳಿದದ್ದು ಬೆಳಗಾವಿಯ ಒಬ್ಬ ಡಾಕ್ಟರು. ನಾನು 3,000 ಕೇಳಿದರೆ ಅವರು 2,100 ಸಾಕು ಅಂದರು. ಮುಂದಲೆ ಮಾತ್ರ, ನಡುನೆತ್ತಿ ಮುಟ್ಟಲ್ಲ. ಗ್ರಾಫ್ಟಿಗೆ 70 ರೂಪಾಯಿ ಲೆಕ್ಕ. ಅಕ್ಕನ ಮನೆಯಲ್ಲಿ ಉಳಿದದ್ದು, ಕಾರಿನ ಡೀಸೆಲ್ ಎಲ್ಲ ಸೇರಿ ಒಂದು ಲಕ್ಷ ಎಪ್ಪತ್ತು ಸಾವಿರ ಮುಟ್ಟಿರಬಹುದು. ದಿನವನ್ನೂ ತೋಟದ ಕ್ಯಾಲೆಂಡರ್ ನೋಡಿಯೇ ಹಿಡಿದೆ. ಏಪ್ರಿಲ್ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಮುಗಿದಿರಬೇಕು, ಅಕ್ಟೋಬರ್ ಚಾಟ್ನಿ ದೂರ ಇರಬೇಕು, ನಮ್ಮೂರ ಬಿಸಿಲೂ ಇಳಿದಿರಬೇಕು. 2024ರ ಜುಲೈ.

ಕಸಿಯಾದ ಆರನೇ ದಿನ ಊರಿಗೆ ಬಂದೆ. ಏಳನೇ ದಿನ ಸಂಜೆ, ಬೇಡ ಬೇಡ ಅಂದರೂ ತೋಟಕ್ಕೆ ಹೋದೆ. ಡ್ರಿಪ್ ಪೈಪ್ ನೋಡಲು ಬಗ್ಗಿದವನು ಎದ್ದಾಗ ಬಳ್ಳಿ ಹಬ್ಬಿಸುವ ವೈ ಆ್ಯಂಗಲ್ಲಿನ ಕಬ್ಬಿಣ ನೇರ ಮುಂದಲೆಗೆ ಬಡಿಯಿತು. ರಕ್ತ ಹುಬ್ಬಿನ ತನಕ ಇಳಿಯಿತು. ಮುಟ್ಟಿ ನೋಡಿದ ಬೆರಳಿಗೆ ಅಕ್ಕಿನುಚ್ಚಿನಷ್ಟು ದೊಡ್ಡದೊಂದು ಹಕ್ಕಳೆ, ಅದರೊಳಗೆ ಒಂದು ಕೂದಲು, ಬುಡದಲ್ಲಿ ಬಿಳಿ ಗಂಟು. ಅದನ್ನು ನೋಡಿ ಕಾಲು ನಡುಗಿತು, ನಿಜ ಹೇಳ್ತೀನಿ.

ಫೋಟೋ ಕಳಿಸಿದೆ. "ಶುದ್ಧ ಬಟ್ಟೆಯಿಂದ ಮೆಲ್ಲಗೆ ಒತ್ತಿ ಹಿಡೀರಿ, ಬೆಳಿಗ್ಗೆ ಬರ್ರಿ" ಅಂದರು ಡಾಕ್ಟರು. ರಾತ್ರಿಯೇ ಕಾರು ಹತ್ತಿದೆವು. ಜಮಖಂಡಿ, ಮುಧೋಳ, ಲೋಕಾಪುರ. ಅಣ್ಣ ಗಾಡಿ ಓಡಿಸಿದ. ನಾನು ದಾರಿಯುದ್ದಕ್ಕೂ ತಲೆಯನ್ನು ಎಲ್ಲೂ ಆನಿಸದೆ ಕೂತಿದ್ದೆ. ಬೆಳಿಗ್ಗೆ ಏಳೂವರೆಗೆ ಡಾಕ್ಟರು ಭೂತಗನ್ನಡಿ ಹಿಡಿದು ನೋಡಿದರು. ತೊಳೆದರು, ಔಷಧಿ ಬದಲಿಸಿದರು. "ಹತ್ತು ಹನ್ನೆರಡು ಹೋಗ್ಯಾವು, ಉಳಿದವು ಕುಂತಾವು" ಅಂದರು. ಫೀ ತೆಗೆದುಕೊಳ್ಳಲಿಲ್ಲ.

ನಾಲ್ಕನೇ ವಾರ ಹಾಕಿದ ಕೂದಲೆಲ್ಲ ಉದುರಿದವು. ಉದುರುತ್ತವೆ ಅಂತ ಗೊತ್ತಿದ್ದರೂ ಎಪಿಎಂಸಿಯಲ್ಲಿ ಗೆಳೆಯರು ಬಿಡಬೇಕಲ್ಲ. "ಇಸ್ತಾಂಬುಲ್‌ಗೆ ಹೋಗಿದ್ರ ಹಿಂಗಾಕ್ತಿತ್ತೇನು?" ನಾಲ್ಕು ತಿಂಗಳು ಟೋಪಿ ತೆಗೆಯಲಿಲ್ಲ. ಐದನೇ ತಿಂಗಳು ಮೊಳಕೆ ಕಾಣಿಸಿತು, ಎಂಟಕ್ಕೆ ಬಾಚಣಿಗೆ ಕೊಂಡೆ.

ಸೋದರಮಾವನ ಮಗನಿಗೆ ಮುಂದೆ ಪರವಾಗಿಲ್ಲ, ಕೂದಲು ಬಂದಿದೆ. ಹಿಂದಲೆ ಮಾತ್ರ ನುಸಿ ತಿಂದ ಕಂಬಳಿ ಹಾಗಾಗಿದೆ. ಅವನ ಹಿಂದಲೆಗೂ ಕಾರ್ಡ್ ಇಟ್ಟು ಎಣಿಸಿದೆವು. ಸಂಖ್ಯೆ ಅವನಿಗೆ ಹೇಳಿದ್ದೇನೆ, ಇಲ್ಲಿ ಬೇಡ. ಮುಂದಿನ ತಿಂಗಳು ಅವನನ್ನೂ ಬೆಳಗಾವಿಗೆ ಕರೆದುಕೊಂಡು ಹೋಗುತ್ತಿದ್ದೇನೆ.

ನನ್ನ ನಡುನೆತ್ತಿ ಹಾಗೇ ಇದೆ. ಮಿನಾಕ್ಸಿಡಿಲ್ ನಡೆದಿದೆ. ಈ ಸಲ ಒಣದ್ರಾಕ್ಷಿಗೆ ರೇಟು ಬಂದರೆ ಜುಲೈಯಲ್ಲಿ 800 ಹಾಕಿಸಬೇಕು ಅಂತಿದೆ. ತೋಟದ ಕೀಲಿಕೈಯನ್ನು ಮಾತ್ರ ಆ ಹತ್ತು ದಿನ ಅವ್ವನ ಕೈಗೆ ಕೊಡುತ್ತೇನೆ.