ಸತ್ತ ಹುಳು ತಿನ್ನಿಸಿ ಹಂತಕ ತಿಗಣೆ ಸಾಕಿದ್ದು: ನನ್ನ ಅನುಭವ

ರೈನೊಕೋರಿಸ್ ಅನ್ನೋ ಹಂತಕ ತಿಗಣೆ, ಅಂದ್ರೆ ಬೆಳೆ ತಿನ್ನುವ ಹುಳುಗಳನ್ನು ಚುಚ್ಚಿ ಹೀರುವ ಕೀಟ, ಸತ್ತ ಹುಳು ಮುಟ್ಟಲ್ಲ ಅಂತ ನನಗೆ ಹೇಳದವರಿಲ್ಲ. ಓಡಾಡುವ ಬೇಟೆಯೇ ಬೇಕು, ಹಾಗಾಗಿ ಪೀಡೆಹುಳುಗಳ ಮೊಟ್ಟೆ ನಾಶಮಾಡುವ ಸಣ್ಣ ಕಣಜ ಟ್ರೈಕೊಗ್ರಾಮದ ಥರ ರಾಶಿಗಟ್ಟಲೆ ಸಾಕೋದು ಆಗದ ಮಾತು ಅನ್ನುತ್ತಿದ್ದರು. ಈಗ ನನ್ನ ಡಬ್ಬಿಗಳಲ್ಲಿ ಅದರದೇ ಒಂದು ಜಾತಿಯಾದ ಮಾರ್ಜಿನೇಟಸ್ ತಲೆಮಾರಿನ ಮೇಲೆ ತಲೆಮಾರು ಸತ್ತ ಕಾರ್ಸೈರಾ (ಅಕ್ಕಿ ಪತಂಗ) ಹುಳುವನ್ನೇ ಹೀರಿ ಬೆಳೆಯುತ್ತಿದೆ. ಹಾಗೆ ಹೇಳಿದವರೇ ಈಗ ಮೊಟ್ಟೆ ಕೇಳಿಕೊಂಡು ಬರುತ್ತಾರೆ.

ಜೀವಂತ ಹುಳು ಹಾಕುತ್ತಿದ್ದಾಗ ಖರ್ಚಿನ ಮುಕ್ಕಾಲು ಪಾಲು ಊಟಕ್ಕೇ ಹೋಗುತ್ತಿತ್ತು. ಅದೂ ಕಾರ್ಸೈರಾ ಸುಮ್ನೆ ಬಿದ್ದಿರುವ ಹುಳುವಲ್ಲ. ಹಾಕಿದ ರಾತ್ರಿಯೇ ಮೂಲೆ ಹಿಡಿದು ನೂಲು ಸುತ್ತಿಕೊಳ್ಳುತ್ತದೆ. ಮೊದಲ ಹಂತದ, ಅಂದ್ರೆ ಇನ್ನೂ ಒಮ್ಮೆಯೂ ಪೊರೆ ಬಿಡದ ತಿಗಣೆ ಮರಿಗಳು ಆ ನೂಲಿಗೆ ಕಾಲು ಸಿಕ್ಕಿಸಿಕೊಂಡು ಸಾಯುತ್ತಿದ್ದವು. ಹಸಿದವು ಪಕ್ಕದ್ದನ್ನೇ ಚುಚ್ಚುತ್ತಿದ್ದವು. ಒಂದೊಂದನ್ನೂ ಬೇರೆ ಇಟ್ಟರೆ ಬದುಕುತ್ತವೆ ನಿಜ, ಆದರೆ ದಿನವಿಡೀ ಮುಚ್ಚಳ ತೆಗೆಯೋದು, ಹಾಕೋದು. ಆ ಕೂಲಿ ಯಾರು ಕೊಡ್ತಾರೆ? 100 ಮೊಟ್ಟೆಗೆ 20-25 ದೊಡ್ಡವಾದರೆ ಅದೇ ಹೆಚ್ಚು.

ಈಗ ಹುಳುವನ್ನು ಬಿಸಿನೀರಿಗೆ ಅದ್ದಿ, ಕಾಗದದ ಮೇಲೆ ಆರಿಸಿ ಹಾಕುತ್ತೇನೆ. ಎಷ್ಟು ಬಿಸಿ, ಎಷ್ಟು ಹೊತ್ತು ಅಂತ ಕೇಳಬೇಡಿ, ಅದನ್ನು ಹಿಡಿಯೋಕೆ ಸಾಕಷ್ಟು ಹುಳು ಕಳೆದಿದ್ದೇನೆ. ಗುರುತು ಹೇಳುತ್ತೇನೆ: ಮೈ ನೆಟ್ಟಗಾಗಬೇಕು, ಚರ್ಮ ಒಡೆಯಬಾರದು. ಒಡೆದದ್ದಕ್ಕೆ ಮರಿಗಳು ಮೀಸೆ ತಾಗಿಸಿ ಹಿಂದಕ್ಕೆ ಸರಿಯುತ್ತವೆ. ಸರಿಯಾಗಿದ್ದರೆ ನಾಲ್ಕೈದು ಮರಿ ಒಂದೇ ಹುಳುವಿನ ಸುತ್ತ ಸೇರುತ್ತವೆ. ಎದೆಯಡಿ ಮಡಚಿಟ್ಟ ಮೂತಿಯನ್ನು ಮುಂದೆ ಚಾಚಿ, ಚರ್ಮದ ಮಡಿಕೆಯಲ್ಲೇ ಜಾಗ ಹುಡುಕಿ ಇಳಿಸುತ್ತವೆ. ಸ್ವಲ್ಪ ಹೊತ್ತಿಗೆ ಮರಿಯ ಹೊಟ್ಟೆ ಉಬ್ಬಿ ನಿಲ್ಲುತ್ತದೆ, ಹುಳು ಬರೀ ಸಿಪ್ಪೆ. ಮರುದಿನ ಉಳಿದದ್ದನ್ನು ತೆಗೆಯಲೇಬೇಕು, ಇಲ್ಲದಿದ್ದರೆ ಬೂಸ್ಟು.

ಒಂದನ್ನೊಂದು ತಿನ್ನೋದು ಪೂರ್ತಿ ನಿಂತಿಲ್ಲ. ಪೊರೆ ಬಿಟ್ಟ ಹೊಸದರಲ್ಲಿ ಮೈ ಮೆತ್ತಗೆ, ಆಗಲೇ ಉಳಿದವು ಮೇಲೆ ಬೀಳೋದು. ಅದಕ್ಕೆ ಮಡಚಿದ ಕಾಗದ ತುಂಬಿಸಿ ಅಡಗಲು ಜಾಗ ಕೊಟ್ಟೆ. ನೀರಿನ ಹತ್ತಿ ಎರಡು ಕಡೆ ಇಟ್ಟೆ. ಗಾಳಿ ತೀರಾ ಒಣಗಿದ್ದರೆ ಪೊರೆಯೊಳಗೇ ಸಿಕ್ಕಿಕೊಂಡು ಸಾಯುತ್ತವೆ. ಈಗ 100ಕ್ಕೆ 60ರ ಮೇಲೆ ಉಳಿಯುತ್ತವೆ. ಮೊಟ್ಟೆ ಒಡೆದು ರೆಕ್ಕೆ ಬರೋಕೆ 50-60 ದಿನ, ಜೀವಂತ ಹುಳು ಕೊಟ್ಟದ್ದಕ್ಕಿಂತ ಕೊಂಚ ನಿಧಾನ. ಊಟದ ಖರ್ಚು ಮಾತ್ರ ಅರ್ಧಕ್ಕಿಳಿದಿದೆ.

ನಡುವೆ ಬಣ್ಣದ ಹುಚ್ಚೂ ಹತ್ತಿತ್ತು. ಇದೇ ಜಾತಿಯಲ್ಲಿ ಅಚ್ಚ ಕೆಂಪಿನವು, ಕಪ್ಪಿನವು, ಎರಡೂ ಬೆರೆತವು ಇವೆಯಲ್ವಾ? ಕೆಂಪು ಹೆಣ್ಣಿಗೆ ಕಪ್ಪು ಗಂಡು ಬಿಟ್ಟು ನೋಡಿದೆ. ಮರಿಗಳಲ್ಲಿ ಬಣ್ಣದ ಲೆಕ್ಕ ಹತ್ತಲಿಲ್ಲ, ಬಿಟ್ಟುಬಿಟ್ಟೆ. ಬರಿಗೈಯಲ್ಲಿ ಹಿಡಿದು ಚುಚ್ಚಿಸಿಕೊಂಡದ್ದೇ ಲಾಭ, ಕಣಜ ಕಚ್ಚಿದ ಹಾಗೆ ಉರಿಯುತ್ತದೆ.

ಹೊಲಕ್ಕೆ ದೊಡ್ಡವನ್ನು ಬಿಡಬೇಡಿ, ಹಾರಿಹೋಗುತ್ತವೆ. ಮೂರು, ನಾಲ್ಕನೇ ಹಂತದ ಮರಿಗಳನ್ನು ಸಂಜೆ ಹೊತ್ತು ಗಿಡದ ಬುಡದಲ್ಲಿ, ದೂರ ದೂರ ಬಿಡಿ. ಔಷಧಿ ಹೊಡೆದ ಹೊಲವಾದರೆ ಡಬ್ಬಿ ತೆಗೆಯಲೇಬೇಡಿ.