ಡೊಮೇನ್ ಮಾರಿದ ಮೇಲೆ ‘ದುಡ್ಡು ವಾಪಸ್ ಕೊಡಿ’ ಅಂದರೆ ಏನು ಮಾಡಬೇಕು?

ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆ ಈಗ ಹೋಮ್‌ಸ್ಟೇ ಇಲ್ಲದ ಊರನ್ನು ಹುಡುಕಬೇಕು. ಅವರಿಗೆಲ್ಲ ವೆಬ್‌ಸೈಟ್ ಬೇಕು, ವೆಬ್‌ಸೈಟಿಗೊಂದು ಹೆಸರು, ಅಂದ್ರೆ ಡೊಮೇನ್, ಬೇಕು. ಕಾಳುಮೆಣಸು, ಜೇನುತುಪ್ಪ, ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಆನ್‌ಲೈನಲ್ಲಿ ಮಾರುವವರಿಗೂ ಅಷ್ಟೇ. ಹಾಗಾಗಿ ಒಳ್ಳೊಳ್ಳೆ ಹೆಸರನ್ನು ಮೊದಲೇ ರಿಜಿಸ್ಟರ್ ಮಾಡಿಟ್ಟುಕೊಂಡು, ಗಿರಾಕಿ ಬಂದಾಗ ಮಾರುವವರು ನಮ್ಮಲ್ಲೂ ಇದ್ದಾರೆ. ಮಾರೋದೇನೋ ಮಾರಿಬಿಡ್ತೀರಿ. ನಾಲ್ಕು ದಿನ ಬಿಟ್ಟು ‘ಸರ್, ನಂಗೆ ಇದು ಬೇಡ, ದುಡ್ಡು ವಾಪಸ್ ಹಾಕಿ’ ಅಂತ ವಾಟ್ಸಾಪ್ ಬರುತ್ತಲ್ಲ, ತಲೆನೋವು ಶುರುವಾಗೋದು ಆಗ.

ಆಗ ಕೆಲವರು ಹೆದರಿ ಆ ಕ್ಷಣವೇ ದುಡ್ಡು ಹಾಕಿಬಿಡ್ತಾರೆ. ಇನ್ನು ಕೆಲವರು ನಂಬರ್ ಬ್ಲಾಕ್ ಮಾಡಿ ಸುಮ್ನೆ ಕೂತುಬಿಡ್ತಾರೆ. ಎರಡೂ ಬೇಡ. ನೀವು ಮೊದಲು ಕೇಳಿಕೊಳ್ಳಬೇಕಾದ್ದು ಒಂದೇ ಪ್ರಶ್ನೆ: ಆ ಹೆಸರು ಈಗ ರಿಜಿಸ್ಟ್ರಾರ್ (ಹೆಸರು ರಿಜಿಸ್ಟರ್ ಮಾಡಿಕೊಡುವ ಕಂಪನಿ) ಹತ್ತಿರ ಯಾರ ಅಕೌಂಟಿನಲ್ಲಿದೆ? ದುಡ್ಡಿನ ಮಾತೆಲ್ಲ ಅದಾದ ಮೇಲೆ.

ಮೊದಲ ಹೆಜ್ಜೆ: ಅವತ್ತೇ ಉತ್ತರ ಕೊಡಿ, ಮಾತು ಮಾತ್ರ ಕೊಡಬೇಡಿ

ಗಿರಾಕಿ ಸಿಟ್ಟಾಗೋದು ನೀವು ‘ಇಲ್ಲ’ ಅಂದಿದ್ದಕ್ಕಲ್ಲ, ಉತ್ತರವನ್ನೇ ಕೊಡದಿದ್ದಕ್ಕೆ. ಮಳೆಗಾಲದಲ್ಲಿ ಕರೆಂಟ್ ಹೋಗಿ, ಹಿಂದೆಯೇ ಟವರ್ ಕೂಡ ಮಲಗಿ, ಎರಡು ದಿನ ಫೋನ್ ಸಿಗದೇ ಇರೋದು ಹೊಸನಗರದವರಿಗೆ ಮಾಮೂಲಿ. ಬೆಂಗಳೂರಿನಲ್ಲೋ ದುಬೈನಲ್ಲೋ ಕೂತ ಗಿರಾಕಿಗೆ ಅದು ಹೇಗೆ ಗೊತ್ತಾಗಬೇಕು? ಅವನ ಪ್ರಕಾರ ನೀವು ದುಡ್ಡು ತಗೊಂಡು ಪರಾರಿ. ಆಷಾಢದ ಮಳೆಯಲ್ಲಿ ಹೆಸರು ಮಾರ್ತಾ ಇದ್ದರೆ ‘ಇಲ್ಲಿ ನೆಟ್‌ವರ್ಕ್ ಕೈಕೊಡಬಹುದು, ಎರಡು ದಿನದೊಳಗೆ ಉತ್ತರ ಕೊಡುತ್ತೇನೆ’ ಅಂತ ಮುಂಚೆಯೇ ಒಂದು ಸಾಲು ಬರೆದಿಡಿ.

ಫೋನಿನಲ್ಲಿ ಮಾತಾಡಿದರೂ ಆಮೇಲೆ ಇಮೇಲ್‌ನಲ್ಲಿ ಬರೆಯಿರಿ. ಹೀಗೆ ಬರೆದರೆ ಸಾಕು: ‘ನಮಸ್ಕಾರ ಸರ್. ನಿಮ್ಮ ಮೆಸೇಜ್ ನೋಡಿದೆ. ಹೆಸರು 12ನೇ ತಾರೀಕು ನಿಮ್ಮ ಅಕೌಂಟಿಗೆ ಬಂದಿದೆ. ಏನು ತೊಂದರೆ ಆಯಿತು ಅಂತ ಈ ಇಮೇಲ್‌ಗೇ ಬರೆದು ತಿಳಿಸಿ, ಸ್ಕ್ರೀನ್‌ಶಾಟ್ ಇದ್ದರೆ ಹಾಕಿ. ಅಲ್ಲಿವರೆಗೆ ಹೆಸರನ್ನು ಬೇರೆ ಕಡೆ ವರ್ಗಾಯಿಸಬೇಡಿ. ನಾಳೆ ಸಂಜೆಯೊಳಗೆ ನನ್ನ ಉತ್ತರ ತಿಳಿಸುತ್ತೇನೆ.’

ಇದರಲ್ಲಿ ಕ್ಷಮೆಯೂ ಇಲ್ಲ, ‘ಕೊಡ್ತೀನಿ’ ಅನ್ನೋ ಮಾತೂ ಇಲ್ಲ. ಹೆಸರು ತಲುಪಿದೆ ಅನ್ನೋದು ಮಾತ್ರ ತಾರೀಕಿನ ಸಮೇತ ಬರವಣಿಗೆಯಲ್ಲಿ ಉಳಿಯುತ್ತೆ. ‘ಹೌದು ಬಂದಿದೆ, ಆದ್ರೆ...’ ಅಂತ ಅವರು ಉತ್ತರ ಬರೆದರೆ ನಿಮಗೆ ಅದಕ್ಕಿಂತ ಒಳ್ಳೆ ಸಾಕ್ಷಿ ಬೇಡ.

ಎರಡನೇ ಹೆಜ್ಜೆ: ಹೆಸರು ಎಲ್ಲಿದೆ ನೋಡಿ

ಹೂಈಸ್ (ಡೊಮೇನ್ ವಿವರ ತೋರಿಸುವ ಸೇವೆ) ಹುಡುಕಾಟದಲ್ಲಿ ಹೆಸರು ಹಾಕಿದರೆ ಯಾವ ರಿಜಿಸ್ಟ್ರಾರ್ ಹತ್ತಿರ ಇದೆ, ಲಾಕ್ ಆಗಿದೆಯಾ (ಬೇರೆ ಕಡೆ ವರ್ಗಾಯಿಸದ ಹಾಗೆ ತಡೆ ಇದೆಯಾ), ಕೊನೆಯ ಸಲ ಯಾವಾಗ ಬದಲಾಯಿತು ಎಲ್ಲ ಸಿಗುತ್ತೆ. ಮಾಲೀಕರ ಹೆಸರು ಸಾಮಾನ್ಯವಾಗಿ ಮುಚ್ಚಿರುತ್ತೆ, ತಲೆ ಕೆಡಿಸಿಕೊಳ್ಳಬೇಡಿ. ಆ ಪುಟವನ್ನು ತಾರೀಕು ಕಾಣುವ ಹಾಗೆ ಸೇವ್ ಮಾಡಿಟ್ಟುಕೊಳ್ಳಿ.

ಹೆಸರು ಇನ್ನೂ ನಿಮ್ಮ ಅಕೌಂಟಿನಲ್ಲೇ ಇದ್ದರೆ ಕೆಲಸ ಸುಲಭ. ಆಥ್ ಕೋಡ್ (ವರ್ಗಾವಣೆಗೆ ಬೇಕಾದ ಗುಟ್ಟಿನ ಕೋಡ್) ಕೊಟ್ಟಿದ್ದರೆ ಅದನ್ನು ಬದಲಾಯಿಸಿ, ಲಾಕ್ ಮತ್ತೆ ಹಾಕಿ, ಮಾರಾಟ ರದ್ದಾಯಿತು ಅಂತ ಇಬ್ಬರೂ ಬರೆದುಕೊಳ್ಳಿ, ದುಡ್ಡು ವಾಪಸ್ ಕೊಡಿ. ಇಲ್ಲಿ ಜಗ್ಗಾಡೋದರಲ್ಲಿ ಅರ್ಥವಿಲ್ಲ.

ವರ್ಗಾವಣೆ ದಾರಿಯಲ್ಲಿದ್ದರೆ? ಡಾಟ್ ಕಾಮ್ ಹೆಸರು ಒಂದು ರಿಜಿಸ್ಟ್ರಾರ್‌ನಿಂದ ಇನ್ನೊಂದಕ್ಕೆ ಹೋಗುವಾಗ, ನೀವು ಬೇಗ ಒಪ್ಪಿಗೆ ಒತ್ತದಿದ್ದರೆ, ಸುಮಾರು 5 ದಿನ ಹಿಡಿಯುತ್ತೆ. ಆ 5 ದಿನದಲ್ಲಿ ನಿಮ್ಮ ರಿಜಿಸ್ಟ್ರಾರ್ ಇಮೇಲ್ ಕಳಿಸಿರ್ತಾರೆ. ಅದರಲ್ಲೇ ವರ್ಗಾವಣೆ ಬೇಡ ಅಂತ ಹೇಳೋಕೆ ಲಿಂಕ್ ಇರುತ್ತೆ. ಗಿರಾಕಿ ಮನಸ್ಸು ಬದಲಾಯಿಸಿದ್ದನ್ನು ಬರೆದುಕೊಟ್ಟ ಮೇಲೆ ಮಾತ್ರ ಅದನ್ನು ಒತ್ತಿ. ಇಲ್ಲದಿದ್ದರೆ ಮಾತು ತಪ್ಪಿದವರು ನೀವೇ ಆಗ್ತೀರಿ.

ಹೆಸರು ಪೂರ್ತಿ ಅವರ ಕೈಗೆ ಹೋಗಿದ್ದರೆ ಗಂಟು ಬಿಗಿಯಾಗುತ್ತೆ. ರಿಜಿಸ್ಟ್ರಾರ್ ಬದಲಾದ ಹೆಸರಿಗೆ ಸಾಮಾನ್ಯವಾಗಿ 60 ದಿನದ ಲಾಕ್ ಬೀಳುತ್ತೆ. ಅಂದ್ರೆ ಅವರಿಗೆ ಮನಸ್ಸಿದ್ದರೂ ಅದನ್ನು ನಿಮ್ಮ ಹಳೇ ರಿಜಿಸ್ಟ್ರಾರ್‌ಗೆ ಕಳಿಸೋಕಾಗಲ್ಲ. ‘ದುಡ್ಡು ಈಗ ಹಾಕಿ, ಹೆಸರು ಎರಡು ತಿಂಗಳು ಬಿಟ್ಟು ಕಳಿಸ್ತೀನಿ’ ಅನ್ನೋ ಮಾತು ಬರೋದೇ ಇಲ್ಲಿ. ಒಪ್ಪಬೇಡಿ. ಅವರ ರಿಜಿಸ್ಟ್ರಾರ್‌ನಲ್ಲಿ ನೀವೂ ಒಂದು ಅಕೌಂಟ್ ತೆರೆಯಿರಿ, ಅದಕ್ಕೆ ದುಡ್ಡೇನೂ ಇಲ್ಲ. ಒಂದೇ ರಿಜಿಸ್ಟ್ರಾರ್‌ನ ಒಳಗೆ ಒಂದು ಅಕೌಂಟಿನಿಂದ ಇನ್ನೊಂದಕ್ಕೆ ಹೆಸರು ದಾಟಿಸೋದಕ್ಕೆ ‘ಪುಶ್’ ಅಂತಾರೆ. ಬಹಳಷ್ಟು ಕಡೆ ಇದಕ್ಕೆ 60 ದಿನ ಕಾಯಬೇಕಿಲ್ಲ, ಕೆಲವೇ ನಿಮಿಷದಲ್ಲಿ ಮುಗಿಯುತ್ತೆ.

ಮೂರನೇ ಹೆಜ್ಜೆ: ಯಾಕೆ ಬೇಡ ಅಂತಿದ್ದಾರೆ?

ಕಾರಣ ತಿಳಿಯದೆ ತೀರ್ಮಾನ ಮಾಡಬೇಡಿ.

‘ಮನೇಲಿ ಬೇಡ ಅಂದ್ರು’, ‘ಇನ್ನೊಂದು ಹೆಸರು ಚೆನ್ನಾಗಿ ಸಿಕ್ಕಿತು’ ಅನ್ನುವವರು ಒಂದು ಗುಂಪು. ಅಡಿಕೆ ಮಂಡಿಯಲ್ಲಿ ಚೀಲ ಬಿಚ್ಚಿ, ಅಡಿಕೆ ಕತ್ತರಿಸಿ ನೋಡಿ, ಇದು ರಾಶಿಯೋ ಬೆಟ್ಟೆಯೋ ಗೊರಬಲೋ ಅಂತ ತೀರ್ಮಾನಿಸಿ ರೇಟು ಹೇಳಿದ ಮೇಲೆ ಮರುದಿನ ಬಂದು ಬೇಡ ಅನ್ನೋಕಾಗುತ್ತಾ? ಇದೂ ಹಾಗೆಯೇ. ಕೊಡಲೇಬೇಕು ಅನ್ನುವ ಹಂಗು ನಿಮಗಿಲ್ಲ. ಆದರೂ ಒಂದು ವಾರದೊಳಗೆ ಕೇಳಿದರೆ, ಹೆಸರು ಇನ್ನೊಬ್ಬರಿಗೆ ಹೋಗುವಂಥದ್ದಾದರೆ, ಖರ್ಚು ಕಳೆದು ಉಳಿದದ್ದನ್ನು ಕೊಟ್ಟುಬಿಡೋದು ಒಳ್ಳೇದು ಅಂತ ನನ್ನ ಲೆಕ್ಕ. ಶಿವಮೊಗ್ಗ ದೊಡ್ಡ ಊರೇನಲ್ಲ. ದುರ್ಗಿಗುಡಿಯಲ್ಲಿ ಆಡಿದ ಮಾತು ಸಂಜೆಗೆ ಗಾಂಧಿ ಬಜಾರಿಗೆ ಬಂದಿರುತ್ತೆ.

ತಪ್ಪು ತಿಳಿದು ಕೊಂಡವರು ಎರಡನೇ ಗುಂಪು, ಇವರೇ ಜಾಸ್ತಿ. ಹೆಸರು ಕೊಂಡರೆ ವೆಬ್‌ಸೈಟೂ ಜೊತೆಗೆ ಬರುತ್ತೆ ಅಂದುಕೊಂಡವರು, ಪ್ರತಿ ವರ್ಷ ರಿನ್ಯೂ ಮಾಡಬೇಕು ಅಂತ ಗೊತ್ತಿಲ್ಲದವರು. ನಮ್ಮ ಊರಿನ ಹೆಸರಿನ ಗೋಜಲೂ ಇದೆ. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಶಿವಮೊಗ್ಗ ಅಂತಲೇ ಬರೆಯಬೇಕು ಅಂತಾಯಿತು, ಆದರೆ ಹಳೇ ಶಿಮೋಗವನ್ನು ಟೈಪ್ ಮಾಡುವವರು ಇವತ್ತಿಗೂ ಇದ್ದಾರೆ. ಒಂದು ಸ್ಪೆಲ್ಲಿಂಗ್ ಕೊಂಡು, ಇನ್ನೊಂದು ಬೇಕಿತ್ತು ಅನ್ನುವವರು ಸಿಗ್ತಾರೆ. ಕನ್ನಡ ಅಕ್ಷರದ ಡಾಟ್ ಭಾರತ ಹೆಸರು ಕೊಂಡವರಿಗೆ ಕೆಲವು ಕಡೆ ಅದು ಎಕ್ಸ್‌ಎನ್ ಅಂತ ಶುರುವಾಗುವ ಉದ್ದನೆಯ ಕೋಡಿನ ಥರ ಕಾಣುತ್ತೆ. ‘ನೀವು ಕೊಟ್ಟಿದ್ದು ಬೇರೆ ಹೆಸರು’ ಅಂತ ಗಾಬರಿಯಾಗ್ತಾರೆ ಪಾಪ. ಅದು ಮೋಸ ಅಲ್ಲ, ಕಂಪ್ಯೂಟರ್ ಒಳಗೆ ಆ ಹೆಸರು ಓಡಾಡೋದೇ ಹಾಗೆ. ಇಂಥವರಿಗೆ ದುಡ್ಡಿಗಿಂತ ಮೊದಲು ಅರ್ಧ ಗಂಟೆ ಸಮಯ ಕೊಡಿ. ಎಷ್ಟೋ ಜಗಳ ಅಲ್ಲಿಗೇ ಮುಗಿಯುತ್ತೆ.

ಮೂರನೆಯದು ನಿಜವಾದ ದೂರು. ಹೆಸರಿಗೆ ಹಳೇ ಕೆಟ್ಟ ಚರಿತ್ರೆ ಇತ್ತು, ಹಿಂದಿನವರು ಅದರಿಂದ ಸ್ಪ್ಯಾಮ್ ಕಳಿಸಿದ್ದರು, ಈಗ ಏನು ಕಳಿಸಿದರೂ ಸ್ಪ್ಯಾಮ್ ಡಬ್ಬಿಗೆ ಬೀಳುತ್ತೆ. ಅಥವಾ ನೀವು ಹೇಳಿದಷ್ಟು ಜನ ಆ ಹೆಸರಿಗೆ ಬರ್ತಾ ಇಲ್ಲ. 1872ರ ಕರಾರು ಕಾಯ್ದೆಯ ಪ್ರಕಾರ, ತಪ್ಪು ಮಾಹಿತಿ ನಂಬಿ ಒಪ್ಪಿದವರು ಆ ಕರಾರನ್ನು ರದ್ದು ಮಾಡಬಹುದು. ಬೇಕಂತಲೇ ಸುಳ್ಳು ಹೇಳಿರಬೇಕು ಅಂತೇನೂ ಇಲ್ಲ. ಹಾಗಾಗಿ ನಿಮ್ಮ ಜಾಹೀರಾತಿನಲ್ಲಿ, ಚಾಟ್‌ನಲ್ಲಿ ಏನು ಬರೆದಿದ್ದಿರಿ ಅಂತ ಮೊದಲು ಓದಿ. ಅಲ್ಲಿ ಬರೆದದ್ದು ನಿಜ ಅಲ್ಲ ಅಂದ್ರೆ ವಾದ ಮಾಡದೆ ಪೂರ್ತಿ ದುಡ್ಡು ಕೊಡಿ.

ಇನ್ನೊಬ್ಬರ ಟ್ರೇಡ್‌ಮಾರ್ಕ್ ಸೇರಿದ ಹೆಸರನ್ನು ಮಾರಿ ಗಿರಾಕಿಗೆ ನೋಟಿಸ್ ಬಂದಿದ್ದರೂ ಹಾಗೆಯೇ. ನಮ್ಮ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ ಶುರುವಾಗಿ, ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟಿಗೆ ಹೋದ ಸತ್ಯಂ ಇನ್ಫೋವೇ ಪ್ರಕರಣದಲ್ಲಿ 2004ರಲ್ಲೇ ತೀರ್ಪು ಬಂದಿದೆ: ಡೊಮೇನ್ ಹೆಸರಿಗೂ ಟ್ರೇಡ್‌ಮಾರ್ಕ್‌ನಂಥ ರಕ್ಷಣೆ ಇದೆ. ಆ ಕಂಪನಿಯ ಸಿಫಿ ಅನ್ನೋ ಹೆಸರಿಗೆ ಬೇರೆಯವರು ಒಂದು ಎಫ್ ಜಾಸ್ತಿ ಸೇರಿಸಿದ್ದಕ್ಕೆ ಅಷ್ಟೆಲ್ಲ ಆಗಿದ್ದು. ಡಾಟ್ ಇನ್ ಹೆಸರಿನ ಜಗಳ ಅದನ್ನು ನೋಡಿಕೊಳ್ಳುವ ನಿಕ್ಸಿ ಸಂಸ್ಥೆಯ ನಿಯಮದ ಕೆಳಗೆ, ಡಾಟ್ ಕಾಮ್ ಆದರೆ ಅಂತರರಾಷ್ಟ್ರೀಯ ವ್ಯಾಜ್ಯ ನಿಯಮವಾದ ಯುಡಿಆರ್‌ಪಿ ಕೆಳಗೆ ಬರುತ್ತೆ. ಯುಡಿಆರ್‌ಪಿಯಲ್ಲಿ ದೂರು ಬಿದ್ದ ಮೇಲೆ ಹೆಸರು ಲಾಕ್ ಆಗುತ್ತೆ, ವಾಪಸ್ ತಗೊಳ್ಳೋ ಪ್ರಶ್ನೆಯೇ ಇಲ್ಲ. ಅಂಥ ಹೊತ್ತಲ್ಲಿ ವಕೀಲರನ್ನು ಕಾಣಿ.

ನಾಲ್ಕನೇ ಹೆಜ್ಜೆ: ದುಡ್ಡು ಯಾವ ದಾರಿಯಲ್ಲಿ ಬಂದಿತ್ತು?

ಬಂದ ದಾರಿಯಲ್ಲೇ ಹೋಗಬೇಕು. ಇದನ್ನು ಮುರಿದವರೇ ಜಾಸ್ತಿ ಕಳ್ಕೊಳ್ಳೋದು.

ಪೇಪಾಲ್‌ನಲ್ಲಿ ಬಂದಿದ್ದರೆ, ಅಂದ್ರೆ ಹೊರದೇಶದ ಗಿರಾಕಿ, ಯಾಕಂದ್ರೆ 2021ರ ಏಪ್ರಿಲ್‌ನಿಂದ ಭಾರತದೊಳಗಿನ ಪಾವತಿಗೆ ಅದು ಸಿಗೋದಿಲ್ಲ, ಅದೇ ವ್ಯವಹಾರವನ್ನು ತೆರೆದು ರೀಫಂಡ್ ಬಟನ್ ಒತ್ತಿ. ಹೊಸದಾಗಿ ಬೇರೆ ಕಳಿಸಿದರೆ ಹಳೇ ವ್ಯವಹಾರ ಹಾಗೇ ನಿಂತಿರುತ್ತೆ. 180 ದಿನದವರೆಗೂ ಅದರ ಮೇಲೆ ದೂರು ಹಾಕಬಹುದು. ಆಗ ಎರಡು ಸಲ ಕೊಟ್ಟ ಹಾಗಾಗುತ್ತೆ. ಕ್ರೆಡಿಟ್ ಕಾರ್ಡ್ ಕೂಡ ಹಾಗೆ, ಬ್ಯಾಂಕಿನಲ್ಲಿ ಚಾರ್ಜ್‌ಬ್ಯಾಕ್ (ಬ್ಯಾಂಕಿನ ಮೂಲಕವೇ ದುಡ್ಡು ವಾಪಸ್) ಕೇಳೋಕೆ ಸಾಮಾನ್ಯವಾಗಿ 120 ದಿನ ಇರುತ್ತೆ.

ಯುಪಿಐನಲ್ಲಿ ಗಿರಾಕಿ ತಾನಾಗೇ ಕಳಿಸಿದ ದುಡ್ಡನ್ನು ತಾನೇ ಎಳೆದುಕೊಳ್ಳೋಕಾಗಲ್ಲ. ಹಾಗಂತ ನಿರಾಳ ಆಗಬೇಡಿ. ಅವರು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ‘ಮೋಸ ಆಯ್ತು’ ಅಂದರೆ ನಿಮ್ಮ ಬ್ಯಾಂಕ್ ಆ ಮೊತ್ತವನ್ನು, ಕೆಲವೊಮ್ಮೆ ಇಡೀ ಖಾತೆಯನ್ನೇ, ತಡೆಹಿಡಿಯಬಹುದು. ಆಗ ಮೊದಲೇ ಸೇವ್ ಮಾಡಿಟ್ಟ ಹೂಈಸ್ ಪುಟ, ಬಿಲ್, ಚಾಟ್ ಎಲ್ಲ ಪ್ರಿಂಟ್ ಹಾಕಿಸಿಕೊಂಡು ಬ್ಯಾಂಕಿಗೆ ಹೋಗಿ. ಯಾವ ಠಾಣೆಯಿಂದ ಸೂಚನೆ ಬಂದಿದೆ, ದೂರಿನ ನಂಬರ್ ಏನು ಅಂತ ಅಲ್ಲಿ ಹೇಳ್ತಾರೆ, ಆ ಠಾಣೆಗೆ ಉತ್ತರ ಬರೆಯಬೇಕು. ಬೇರೆ ರಾಜ್ಯದ್ದಾದರೆ ಏನು ಮಾಡೋದು ಅಂತ ನಮ್ಮ ಜಿಲ್ಲೆಯ ಸಿಇಎನ್ (ಸೈಬರ್ ಅಪರಾಧ ನೋಡುವ) ಠಾಣೆಯಲ್ಲಿ ಕೇಳಿ ನೋಡಿ.

ಕಳ್ಳರ ಗುರುತು ಹಿಡಿಯೋದೂ ಇಲ್ಲೇ. ‘ಅಣ್ಣಾ, ಆ ಅಕೌಂಟ್ ಬಂದ್ ಆಗಿದೆ, ತಮ್ಮನ ನಂಬರಿಗೆ ಹಾಕಿ’ ಅಂದ್ರೆ ಹಾಕಬೇಡಿ. ‘18 ಸಾವಿರದ ಬದಲು 81 ಸಾವಿರ ಹಾಕಿಬಿಟ್ಟೆ, ಉಳಿದದ್ದು ಕಳಿಸಿ’ ಅಂತ ಸ್ಕ್ರೀನ್‌ಶಾಟ್ ಬಂದರೆ ಮೊದಲು ಪಾಸ್‌ಬುಕ್ ನೋಡಿ. ಎಸ್‌ಎಂಎಸ್ ನಂಬಬೇಡಿ, ಅದನ್ನೂ ನಕಲಿ ಮಾಡ್ತಾರೆ. ‘ರೀಫಂಡ್ ಪ್ರೊಸೆಸ್ ಮಾಡೋಕೆ ಪಿನ್ ಹಾಕಿ’ ಅಂದರೆ ಫೋನ್ ಇಡಿ. ಯುಪಿಐ ಪಿನ್ ಇರೋದು ದುಡ್ಡು ಕೊಡೋಕೆ, ತಗೊಳ್ಳೋಕಲ್ಲ.

ಐದನೇ ಹೆಜ್ಜೆ: ಕೊಡೋದಾದರೆ ಹೀಗೆ ಕೊಡಿ

ಮೊದಲು ಹೆಸರು, ಆಮೇಲೆ ದುಡ್ಡು. ‘ನಾನ್ಯಾಕೆ ಮೊದಲು ಹೆಸರು ಕೊಡಲಿ, ನಿಮ್ಮನ್ನು ಹೇಗೆ ನಂಬಲಿ’ ಅಂತ ಅವರು ಕೇಳಿದರೆ ಅದೂ ನ್ಯಾಯವೇ. ಮೊತ್ತ ದೊಡ್ಡದಾದರೆ ಎಸ್ಕ್ರೋ ಸೇವೆ ಬಳಸಿ. ದುಡ್ಡು ನಡುವಿನವರ ಹತ್ತಿರ ಇರುತ್ತೆ, ಹೆಸರು ಬಂದದ್ದು ಖಚಿತವಾದ ಮೇಲೆ ಬಿಡುಗಡೆ ಮಾಡ್ತಾರೆ. ಮನಸ್ಸು ಬದಲಾಯಿಸಿದವರೇ ಅದರ ಫೀಸು ಕೊಡಲಿ. ಸಣ್ಣ ಮೊತ್ತವಾದರೆ ವಿಡಿಯೊ ಕಾಲ್‌ನಲ್ಲಿ ಸ್ಕ್ರೀನ್ ತೋರಿಸುತ್ತಾ ಪುಶ್ ಮಾಡಲಿ, ನಿಮ್ಮ ಅಕೌಂಟಿನಲ್ಲಿ ಹೆಸರು ಕಂಡ ತಕ್ಷಣ ಕಾಲ್ ಇಡದೆಯೇ ದುಡ್ಡು ಹಾಕಿ.

ದುಡ್ಡು ಹಾಕುವ ಮುಂಚೆ ಒಂದು ಒಪ್ಪಂದದ ಇಮೇಲ್ ಇರಲಿ: ಮಾರಾಟ ರದ್ದು, ಇಷ್ಟು ಮೊತ್ತ ವಾಪಸ್, ಇನ್ನು ಇಬ್ಬರಿಗೂ ಯಾವ ಬಾಕಿ ಇಲ್ಲ. ಗಿರಾಕಿ ‘ಒಪ್ಪಿದೆ’ ಅಂತ ಉತ್ತರ ಕೊಡಲಿ. ಪೇಪಾಲ್‌ನಲ್ಲೋ ಬ್ಯಾಂಕಿನಲ್ಲೋ ಈಗಾಗಲೇ ದೂರು ಹಾಕಿದ್ದರೆ ಅದರ ಮೂಲಕವೇ ದುಡ್ಡು ಹೋಗಲಿ. ಅದು ನಡೀತಾ ಇರುವಾಗ ಹೊರಗಿಂದ ಬೇರೆ ಕೊಡಬೇಡಿ.

ಕೊಡದೇ ಇರೋದಾದರೆ

ಒಂದೇ ಸಲ, ಚುಟುಕಾಗಿ, ಕಾರಣ ಬರೆದು ಹೇಳಿ. ದಿನಾ ವಾದಕ್ಕೆ ಇಳಿಯಬೇಡಿ. ‘ಗ್ರಾಹಕರ ಕೋರ್ಟಿಗೆ ಹೋಗ್ತೀನಿ’ ಅಂತ ಹೆದರಿಸೋದು ಸಾಮಾನ್ಯ. ಮತ್ತೆ ಮಾರೋಕೆ ಅಥವಾ ವ್ಯಾಪಾರಕ್ಕೆ ಅಂತ ಕೊಂಡವರನ್ನು 2019ರ ಗ್ರಾಹಕ ರಕ್ಷಣಾ ಕಾಯ್ದೆ ಗ್ರಾಹಕರು ಅಂತ ಪರಿಗಣಿಸೋದಿಲ್ಲ. ಆದರೆ ಹೊಟ್ಟೆಪಾಡಿಗೆ ತಾವೇ ದುಡಿಯುವವರಿಗೆ ಅದರಲ್ಲಿ ರಿಯಾಯಿತಿ ಇದೆ. ಸ್ವತಃ ಹೋಮ್‌ಸ್ಟೇ ನಡೆಸುವ ಗೃಹಿಣಿ ಆ ಸಾಲಿಗೆ ಬರಬಹುದು, ಹತ್ತಾರು ಹೆಸರು ಕೊಂಡು ಮಾರುವ ದಲ್ಲಾಳಿ ಬರೋದು ಕಷ್ಟ. ಚಾರ್ಜ್‌ಬ್ಯಾಕ್ ಬಂದರೆ ಉತ್ತರ ಕೊಡೋಕೆ ಕೆಲವೇ ದಿನ ಸಿಗುತ್ತೆ, ಕಾಗದಪತ್ರ ಅವತ್ತೇ ಅಪ್‌ಲೋಡ್ ಮಾಡಿ.

ಒಂದು ವರ್ಷ ಬಿಟ್ಟು ಬಂದು ‘ನೀವು ಮಾರಿದ ಹೆಸರು ಕೆಲಸ ಮಾಡ್ತಿಲ್ಲ’ ಅನ್ನುವವರು ಸಾಮಾನ್ಯವಾಗಿ ರಿನ್ಯೂ ಮರೆತಿರ್ತಾರೆ. ಡಾಟ್ ಕಾಮ್ ಆದರೆ ಅವಧಿ ಮುಗಿದ ಮೇಲೂ ರಿಜಿಸ್ಟ್ರಾರ್ ಕೊಟ್ಟಷ್ಟು ದಿನ, ಆಮೇಲೆ ದಂಡ ಕಟ್ಟಿ ಇನ್ನೂ 30 ದಿನ ಉಳಿಸಿಕೊಳ್ಳೋಕೆ ದಾರಿ ಇರುತ್ತೆ. ದಾರಿ ತೋರಿಸಿ ಕಳಿಸಿ.

ಹೆಸರು ವಾಪಸ್ ಬಂದ ಮೇಲೆ

ಪಾಸ್‌ವರ್ಡ್ ಬದಲಾಯಿಸಿ, ಲಾಕ್ ಹಾಕಿ, ಅವರು ಹಾಕಿಟ್ಟಿದ್ದ ಡಿಎನ್‌ಎಸ್ ದಾಖಲೆಗಳನ್ನೆಲ್ಲ (ಹೆಸರು ಯಾವ ಸೈಟಿಗೆ, ಯಾವ ಇಮೇಲ್ ಸೇವೆಗೆ ಹೋಗಬೇಕು ಅನ್ನೋ ಸೆಟ್ಟಿಂಗ್) ಅಳಿಸಿ. ಅದಕ್ಕೂ ಮುಂಚೆ, ಆ ಹೆಸರಿನಲ್ಲಿ ಇಮೇಲ್ ಮಾಡಿಕೊಂಡು ಬ್ಯಾಂಕಿಗೋ ಜಿಎಸ್‌ಟಿಗೋ ಕೊಟ್ಟಿದ್ದಾರಾ ಅಂತ ಕೇಳಿ. ಕೊಟ್ಟಿದ್ದರೆ ಬದಲಾಯಿಸಿಕೊಳ್ಳೋಕೆ ಒಂದು ವಾರ ಬಿಡಿ. ಇಲ್ಲದಿದ್ದರೆ ಅವರ ಒಟಿಪಿ ನಿಮ್ಮ ಹೆಸರಿಗೆ ಬರ್ತಾ ಇರುತ್ತೆ. ಆ ನಡುವೆ ಅವರು ಸ್ಪ್ಯಾಮ್ ಕಳಿಸಿದ್ದಾರಾ ಅಂತ ಬ್ಲಾಕ್‌ಲಿಸ್ಟ್‌ನಲ್ಲಿ ಒಮ್ಮೆ ನೋಡಿ. ಜಿಎಸ್‌ಟಿ ಬಿಲ್ ಕೊಟ್ಟಿದ್ದರೆ ಕ್ರೆಡಿಟ್ ನೋಟ್ ಮಾಡಿಸೋಕೆ ನಿಮ್ಮ ಆಡಿಟರ್‌ಗೆ ಹೇಳಿ. ಹೆಸರನ್ನು ಮತ್ತೆ ಮಾರಾಟಕ್ಕಿಡುವಾಗ ಜಾಹೀರಾತಿನಲ್ಲಿ ಇಷ್ಟು ಸೇರಿಸಿ: ಹೆಸರು ಮಾತ್ರ, ವೆಬ್‌ಸೈಟ್ ಇಲ್ಲ; ವರ್ಷಕ್ಕೊಮ್ಮೆ ರಿನ್ಯೂ ನಿಮ್ಮದೇ; ಹೆಸರು ಕೈಸೇರಿದ ಮೇಲೆ ವಾಪಸ್ ಕೇಳೋಕೆ 3 ದಿನ, ಖರ್ಚು ಕಳೆದು.